ಸ್ಟಾರ್ ಕೊಡುವವನ ಒಂದು ಸಾಲು

ನಾನು ಸಿನಿಮಾಗಳಿಗೆ ಸ್ಟಾರ್ ಕೊಡುವವನು. 2022ರಲ್ಲಿ ‘ಕಾಂತಾರ’ಕ್ಕೆ ಮೂರು ಕೊಟ್ಟು ಬೈಸಿಕೊಂಡೆ. ಬೈದವರೆಲ್ಲ ಸಿನಿಮಾ ನೋಡಿದವರೇ, ನ್ಯಾಯವೇ.

ಬಂದರಿನಲ್ಲಿ ಒಂದು ರಾತ್ರಿ ‘ಕರ್ಣಭೇದನ’ ತಾಳಮದ್ದಳೆ ಕೇಳಿ, ಕರ್ಣನ ಅರ್ಥ ಸಪ್ಪೆ ಎಂದು ಬರೆದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರ ಪದ ಮುಗಿಯುತ್ತಲೇ ಅರ್ಥಧಾರಿ ಎದುರಿನವರ ಮಾತಿಗೆ ಅಲ್ಲೇ ಮಾತು ಕಟ್ಟಬೇಕು. ನಾಳೆಯ ಕರ್ಣ ಬೇರೆಯೇ.

ವಾರದ ನಂತರ ಸಗಟು ಅಂಗಡಿಯೆದುರು ಮೂಟೆ ಇಳಿಸುತ್ತಿದ್ದ ಹಿರಿಯರೊಬ್ಬರು ತಡೆದು ಕೇಳಿದರು: “ಕೃಷ್ಣ ಬಾಯಿ ತೆರೆಯಲಿಕ್ಕೇ ಬಿಡಲಿಲ್ಲ ಮಾರಾಯ್ರೆ, ಕರ್ಣ ಏನು ಮಾಡುವುದು? ಅದನ್ನು ಯಾಕೆ ಬರೆಯಲಿಲ್ಲ?”

ಗಮನಿಸಿದ್ದೆ. ಕೃಷ್ಣನ ಅರ್ಥ ಹೇಳಿದವರು ಹೆಸರಾಂತರು, ಅಳುಕಿದೆ.

ಸಿನಿಮಾವಾದರೆ ಓದುಗರು ನೋಡಿ ನನ್ನನ್ನು ತಿದ್ದುತ್ತಾರೆ. ಆ ರಾತ್ರಿಯನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಉಳಿದಿರುವುದು ನನ್ನ ಸಾಲು ಮಾತ್ರ.