ಗೆದ್ದರೆ ‘ನಾವು’, ಸೋತರೆ ‘ಅವರು’

ಮನೆಯಲ್ಲಿ ಟಿ.ವಿ. ಮುಂದೆ ಕುಳಿತು ಪಂದ್ಯ ನೋಡುವಾಗ ನಾವಾಡುವ ಮಾತನ್ನು ಎಂದಾದರೂ ಗಮನಿಸಿದ್ದೀರಾ?

2022ರ ಆಗಸ್ಟ್‌ನಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ತಂಡ ಮಹಾರಾಜ ಟ್ರೋಫಿ ಟಿ-20 ಕ್ರಿಕೆಟ್ ಪಂದ್ಯಾವಳಿಯನ್ನು ಗೆದ್ದಿತು. ಪಂದ್ಯಗಳು ನಡೆದದ್ದು ಕಲಬುರಗಿಯಲ್ಲಲ್ಲ, ಮೈಸೂರು, ಬೆಂಗಳೂರಿನಲ್ಲಿ. ನಾಯಕ ಮನೀಶ್ ಪಾಂಡೆ ಹುಟ್ಟಿದ್ದು ದೂರದ ನೈನಿತಾಲ್‌ನಲ್ಲಿ. ಆದರೂ ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡ 11 ರನ್‌ಗಳಿಂದ ಸೋತಾಗ ಕಲಬುರಗಿಯ ಅಭಿಮಾನಿಗೆ ಅದು ‘ನಾವು ಗೆದ್ದ’ ಪಂದ್ಯ. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮೂರಿನ ಹೆಸರು ಹೊತ್ತವರನ್ನು ನಮ್ಮವರೆಂದುಕೊಳ್ಳುವುದು ಒಳ್ಳೆಯ ಗುಣವೇ.

ಆದರೆ 2023ರಲ್ಲಿ ಕಪ್ ಹುಬ್ಬಳ್ಳಿಯ ಪಾಲಾಯಿತು, 2024ರಲ್ಲಿ ಮೈಸೂರಿನ ಪಾಲಾಯಿತು. ಆಗ ನಮ್ಮ ಬಾಯಲ್ಲಿ ಬರುವ ಮಾತೇ ಬೇರೆ: “ಅವರು ಸೋತರು. ಅವರಿಗೆ ಆಡಲಿಕ್ಕೇ ಬರೋದಿಲ್ಲ.” ಗೆಲುವಿನಲ್ಲಿ ಪಾಲು ಕೇಳಿದವರು ಸೋಲಿನಲ್ಲಿ ಬೇರೆಯಾಗಿಬಿಡುತ್ತೇವೆ.

ಬರೀ ಆಟ ತಾನೇ ಎನ್ನುವಿರಾ? ನಾಲಿಗೆಗೆ ಅಲ್ಲಿ ಬಿದ್ದ ರೂಢಿ ಮನೆಯಲ್ಲೂ ಬಿಡುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದವನು ‘ನನ್ನ ಮಗ’, ಫೇಲಾದರೆ ಹೆಂಡತಿಯ ಕಡೆ ತಿರುಗಿ, “ನೋಡು ನಿನ್ನ ಮಗನ್ನ!”

ತಪ್ಪನ್ನು ಮುಚ್ಚಿಡಬೇಕೆಂದಲ್ಲ. ಕ್ಯಾಚ್ ಬಿಟ್ಟವನು ಬಿಟ್ಟದ್ದೇ ನಿಜ, ಓದದವನು ಓದದಿದ್ದದ್ದೇ ನಿಜ. ಆದರೆ ‘ಅವರು’ ಎಂದವನು ತೀರ್ಪು ಕೊಟ್ಟು ಎದ್ದು ಹೋಗುತ್ತಾನೆ. ‘ನಾವು’ ಎಂದವನು ತಿದ್ದಲು ಜೊತೆಗೆ ಉಳಿಯುತ್ತಾನೆ.

ಮುಂದಿನ ಸಲ ನಿಮ್ಮ ತಂಡ ಸೋತ ರಾತ್ರಿ, ಮಕ್ಕಳಿಗೆ ಕೇಳುವಂತೆ “ನಾವು ಸೋತೆವು” ಎನ್ನಿರಿ. ನಾಳೆ ಕಡಿಮೆ ಅಂಕ ತಂದ ಮಗು ಬಾಗಿಲಲ್ಲೇ ಹೆದರಿ ನಿಲ್ಲದೆ ಒಳಗೆ ಬಂದೀತು.