ಹೊರಿಸಿದ ನೊಗವೂ ಒಪ್ಪಿಕೊಂಡ ನೊಗವೂ



ಬೇಡವೆನ್ನುವದಕ್ಕೆ ದಾರಿಯಿಲ್ಲದವನು ಆಗಲಿ ಎಂದು ಹೇಳಿದರೆ ಆ ಮಾತಿಗೆ ಬೆಲೆ ಎಷ್ಟು? ತಂದೆತಾಯಿಗಳು ಬಯಸುತ್ತಾರೆ, ಸಭೆಯ ಹಿರಿಯರು ಎದುರುನೋಡುತ್ತಾರೆ, ಓರಗೆಯವರಲ್ಲಿ ಅನೇಕರು ಹೋಗಿಬಂದಿದ್ದಾರೆ. ಹೀಗಿರುವಲ್ಲಿ ಒಬ್ಬ ಯೌವನಸ್ಥನು ತನ್ನ ಆಯುಷ್ಯದ ಎರಡು ವರುಷಗಳನ್ನು ದೇವರ ಸೇವೆಗೆಂದು ಒಪ್ಪಿಸಿದರೆ, ಅದು ಅವನು ಕೊಟ್ಟ ಕಾಣಿಕೆಯೋ, ಅವನಿಂದ ತೆಗೆದುಕೊಂಡ ತೆರಿಗೆಯೋ? ಈ ಪ್ರಶ್ನೆಯು ಎಲ್ಲಾ ಸಭೆಗಳಿಗೂ ತಟ್ಟುವಂಥದ್ದು. ಆದರೆ ಮೊರ್ಮೊನರೆಂದು ಜನರು ಕರೆಯುವವರ ತರುಣ ಮಿಶನೆರಿಗಳ ದಿನಚರಿಯನ್ನು ನೋಡುವಾಗ ಅದು ಬಹು ಸ್ಪಷ್ಟವಾಗಿ ಎದುರಿಗೆ ಬರುತ್ತದೆ.

ಇವರ ಸಭೆಯು 1830ರಲ್ಲಿ ಅಮೇರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬವನಿಂದ ಸ್ಥಾಪಿತವಾಯಿತು. ಈಗ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ಪಟ್ಟಣವು ಅದರ ಮುಖ್ಯಸ್ಥಾನ. ಅವರು ಸತ್ಯವೇದದ ಸಂಗಡ ಮೊರ್ಮೊನನ ಗ್ರಂಥವನ್ನೂ ದೇವರ ವಾಕ್ಯವೆಂದು ಎಣಿಸುವದರಿಂದಲೂ, ತ್ರೈಯೇಕತ್ವದ ವಿಷಯದಲ್ಲಿ ಬೇರೆ ಉಪದೇಶವುಳ್ಳವರಾದದರಿಂದಲೂ, ನಮಗೂ ಅವರಿಗೂ ದೊಡ್ಡ ಭೇದ ಉಂಟು. ಅದನ್ನು ಮರೆಮಾಡುವದು ಸರಿಯಲ್ಲ. ಆದರೂ ಇಲ್ಲಿ ನಾವು ವಿಚಾರಿಸತಕ್ಕದ್ದು ಅವರ ಉಪದೇಶವನ್ನಲ್ಲ, ಅವರ ಯೌವನಸ್ಥರ ಒಪ್ಪಿಗೆಯನ್ನು. 2024ನೇ ವರುಷದ ಕೊನೆಯಲ್ಲಿ ಇವರ ಮಿಶನೆರಿಗಳು ಲೋಕದಲ್ಲೆಲ್ಲಾ 70,000ಕ್ಕೆ ಮಿಕ್ಕಿ ಇದ್ದರು. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಅವರ ಒಂದು ಮಿಶನ್ ಸ್ಥಾಪಿತವಾದದರಿಂದ ನಮ್ಮಲ್ಲಿ ಕೆಲವರು ಅವರನ್ನು ಕಂಡೂ ಇರಬಹುದು.

ಕರೆಪತ್ರವು ಕೈಗೆ ಬಂದಾಗಲೇ ತಾನು ಯಾವ ದೇಶಕ್ಕೆ ಹೋಗಬೇಕೆಂಬದು ಯೌವನಸ್ಥನಿಗೆ ತಿಳಿಯುವದು. ಆರಿಸಿಕೊಳ್ಳುವದು ಅವನ ಪಾಲಿಗಿಲ್ಲ. ಬ್ರೆಜಿಲ್ ಆಗಲಿ ಜಪಾನ್ ಆಗಲಿ, ಬಂದದ್ದನ್ನು ತೆಗೆದುಕೊಳ್ಳಬೇಕು. ಮೊದಲು ಗಂಡುಮಕ್ಕಳಿಗೆ 19 ವರುಷ ತುಂಬಬೇಕಾಗಿತ್ತು. 2012ರಿಂದ 18ಕ್ಕೇ ಹೊರಡಬಹುದು. ಅವರ ಸೇವೆಯ ಕಾಲ ಎರಡು ವರುಷ, ಹೆಣ್ಣುಮಕ್ಕಳದು 18 ತಿಂಗಳು. ಸಂಬಳವೆಂಬದಿಲ್ಲ, ತಾನು ಕೂಡಿಸಿಟ್ಟ ಹಣದಿಂದಲೋ ಮನೆಯವರ ಸಹಾಯದಿಂದಲೋ ಖರ್ಚನ್ನು ನಡಿಸಬೇಕು. ಹೊರಡುವ ಮುಂಚೆ ಕೆಲವು ವಾರಗಳ ತರಬೇತಿಯುಂಟು. ಆ ಮೇಲೆ, ಹಿಂದೆಂದೂ ಕಾಣದ ಊರು, ನಾಲಿಗೆಗೆ ಒಗ್ಗದ ಭಾಷೆ.

ಅಲ್ಲಿಯ ದಿನವು ಗಡಿಯಾರದಂತೆ ನಡೆಯುವದು. ರೂಢಿಯ ಕ್ರಮವೇನಂದರೆ, ಬೆಳಿಗ್ಗೆ 6-30ಕ್ಕೆ ಏಳುವದು. ಪ್ರಾರ್ಥನೆ, ಅಂಗಸಾಧನೆ, ಉಪಾಹಾರ. ತರುವಾಯ ಗ್ರಂಥಪಾರಾಯಣವೂ ಭಾಷೆಯ ಪಾಠವೂ. 10 ಗಂಟೆಗೆ ಹೊರಗೆ ಹೊರಡುವದು. ರಾತ್ರಿ 9ಕ್ಕೆ ಮನೆ ಸೇರುವದು. 10-30ಕ್ಕೆ ದೀಪ ಆರಿಸುವದು. 2017ರಿಂದ ಆಯಾ ದೇಶದ ಸ್ಥಿತಿಗೆ ತಕ್ಕ ಹಾಗೆ ವೇಳೆಯನ್ನು ಹಿಂದುಮುಂದು ಮಾಡಿಕೊಳ್ಳುವದಕ್ಕೆ ಅನುಮತಿಯಾಗಿದೆ. ವಾರಕ್ಕೊಂದು ದಿನ ಬಟ್ಟೆ ಒಗೆಯುವದಕ್ಕೂ ಸಾಮಾನು ಕೊಳ್ಳುವದಕ್ಕೂ ಮನೆಗೆ ಬರೆಯುವದಕ್ಕೂ ಬಿಡುವು ಸಿಗುತ್ತದೆ. ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ ಇರುವದು. ಹದಿನೆಂಟು ವರುಷದ ಹುಡುಗನಿಗೂ ಎಲ್ಡರ್, ಅಂದರೆ ಹಿರಿಯನು, ಎಂದು ಹೆಸರು. ಒಬ್ಬೊಂಟಿಗನಾಗಿ ಎಲ್ಲಿಗೂ ಹೋಗಕೂಡದು. ಮೇಲಧಿಕಾರಿಯು ನೇಮಿಸಿದ ಜೊತೆಗಾರನು ಹಗಲಿರುಳು ಸಂಗಡ ಇರಬೇಕು. ಆ ಜೊತೆಗಾರನನ್ನೂ ಅವನು ಆರಿಸಿಕೊಂಡದ್ದಿಲ್ಲ.

ಇದೆಲ್ಲವನ್ನು ಕೇಳಿದವನು, "ಇದು ಸೇವೆಯಲ್ಲ, ಕಟ್ಟಳೆ, ಕಟ್ಟಳೆಯಿಂದಾದ ಸತ್ಕಾರ್ಯವು ಸತ್ಕಾರ್ಯವೇ ಅಲ್ಲ" ಎಂದು ಹೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಆದರೆ ನಮ್ಮ ಮನೆಗಳಲ್ಲಿ ಅನ್ನಕ್ಕಿಡುವಾಗ ಸಭೆಗೋಸ್ಕರ ಹಿಡಿ ಅಕ್ಕಿ ತೆಗೆದಿಡುವ ಪದ್ಧತಿಯನ್ನು ನೆನಸಿರಿ. ಮಗಳು ಅದನ್ನು ಮೊದಲು ಮಾಡುವದು ತಾಯಿ ಹೇಳಿದ್ದರಿಂದಲೇ. ಮರೆತರೆ ಬೈಗಳೂ ಸಿಗುವದು. ಆದರೆ ಅವಳೇ ಗೃಹಿಣಿಯಾಗಿ, ಕೇಳುವವರು ಯಾರೂ ಇಲ್ಲದ ದಿನ, ಡಬ್ಬಿಯಲ್ಲಿ ಅಕ್ಕಿ ಕಡಿಮೆಯಿರುವಾಗಲೂ ಒಂದು ಹಿಡಿಯನ್ನು ತೆಗೆದಿಟ್ಟರೆ ಅದು ಯಾರದು? ಅದು ಅವಳದೇ. ಕಲಿಸಿದ ಕೈಯೇ ಕೊಡುವ ಕೈಯಾಯಿತು. ಆದಕಾರಣ ಒಂದು ಕಾರ್ಯವು ಹೇಗೆ ಆರಂಭವಾಯಿತೆಂಬದರಿಂದ ಮಾತ್ರವೇ ಅದರ ಬೆಲೆಯನ್ನು ಕಟ್ಟಬಾರದು. ಒಪ್ಪಿಗೆಯು ಒಂದೇ ದಿನ ಹೇಳಿ ಮುಗಿಸುವ ಮಾತಲ್ಲ. ಅದನ್ನು ದಿನದಿನವೂ ಹೇಳಬೇಕಾಗಿದೆ, ಮತ್ತು ತಡವಾಗಿಯೂ ಹೇಳಬಹುದು.

ಹಾಗಾದರೆ ಆ ತರುಣನ ಒಪ್ಪಿಗೆಯನ್ನು ಎಲ್ಲಿ ಹುಡುಕಬೇಕು? ಕಟ್ಟಳೆಯು ಮಾತಾಡದಿರುವ ಸ್ಥಳಗಳಲ್ಲಿ. 6-30ಕ್ಕೆ ಏಳು ಎಂದು ಕಟ್ಟಳೆಯು ಹೇಳಬಲ್ಲದು. ಜ್ವರದಲ್ಲಿ ಮಲಗಿರುವ ಜೊತೆಗಾರನಿಗೆ ಗಂಜಿ ಮಾಡುವಾಗ ಗೊಣಗಬೇಡವೆಂದು ಹೇಳಿದರೂ ಅದನ್ನು ನಡಿಸಲಾರದು. ಬಾಗಲು ತಟ್ಟೆಂದು ಹೇಳಬಲ್ಲದು. ಮುಖದ ಮೇಲೆ ಬಾಗಲು ಹಾಕಿದ ಮುದುಕನನ್ನು ಹಗೆಮಾಡದ ಹೃದಯವನ್ನು ಕೊಡಲಾರದು. ಭಾಷೆಯನ್ನು ಕಲಿಯೆಂದು ಹೇಳಬಲ್ಲದು. ಆ ಭಾಷೆಯನ್ನಾಡುವ ಜನರನ್ನು ಪ್ರೀತಿಸುವಂತೆ ಮಾಡಲಾರದು. ನೊಗವು ಎತ್ತನ್ನು ಹೊಲಕ್ಕೆ ತರುವದು. ಬೆಳೆಯನ್ನು ಕೊಡುವದು ನೊಗವಲ್ಲ.

ಇದಕ್ಕೆ ಅವರ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತ ಉಂಟು. 1901ರ ಆಗಸ್ಟ್ ತಿಂಗಳಲ್ಲಿ ಹೀಬರ್ ಗ್ರಾಂಟ್ ಎಂಬವನು ಮೂವರು ಜೊತೆಗಾರರೊಂದಿಗೆ ಜಪಾನಿನ ಯೊಕೊಹಾಮ ರೇವಿನಲ್ಲಿ ಇಳಿದನು. ಆ ಮೂವರಲ್ಲಿ ಕಿರಿಯವನಾದ ಆಲ್ಮಾ ಟೇಲರನಿಗೆ ಆಗ 19 ವರುಷ. ಅವನು 1910ರ ವರೆಗೂ ಅಲ್ಲಿಯೇ ಇದ್ದು, ಜಪಾನೀ ಭಾಷೆಯನ್ನು ಸಾಧಿಸಿ, ಬಹು ವರುಷಗಳ ಪ್ರಯಾಸದಿಂದ ಮೊರ್ಮೊನನ ಗ್ರಂಥವನ್ನು ಆ ಭಾಷೆಗೆ ತಿರುಗಿಸಿದನು. ಅದು 1909ರಲ್ಲಿ ಅಚ್ಚಾಯಿತು. ಫಲವೇನು ಎಂದು ಕೇಳಿದರೆ, ಆ ಮಿಶನ್ ನಡೆದ 23 ವರುಷಗಳಲ್ಲಿ ದೀಕ್ಷಾಸ್ನಾನ ಹೊಂದಿದವರು 200 ಮಂದಿಯೂ ಆಗಲಿಲ್ಲ. ಅಷ್ಟರಲ್ಲಿ ಸಭೆಯ ಅಧ್ಯಕ್ಷನಾಗಿದ್ದ ಅದೇ ಗ್ರಾಂಟನು 1924ರಲ್ಲಿ ಅದನ್ನು ಮುಚ್ಚಿಸಿದನು. ಎರಡನೇ ಮಹಾಯುದ್ಧದ ತರುವಾಯ 1948ರಲ್ಲಿ ಮಾತ್ರ ಅದು ತಿರಿಗಿ ತೆರೆಯಲ್ಪಟ್ಟಿತು. ಟೇಲರನು ತಿರುಗಿಸಿದ ಗ್ರಂಥವನ್ನು ನಾವು ದೇವರ ವಾಕ್ಯವೆಂದು ಒಪ್ಪುವವರಲ್ಲ. ಆದರೂ ಎಣಿಕೆಗೆ ಸಿಕ್ಕುವ ಫಲವು ಅಷ್ಟು ಅಲ್ಪವಾಗಿರುವಾಗ ಎಂಟು ವರುಷಕ್ಕೆ ಮಿಕ್ಕಿ ಪರಭಾಷೆಯ ಮುಂದೆ ಶಿಷ್ಯನಾಗಿ ಕೂತಿರುವದು ಬರೀ ಅಪ್ಪಣೆಯಿಂದ ಆಗುವ ಕೆಲಸವೆಂದು ಹೇಳುವದು ಕಷ್ಟ. ಅವನ ಹೃದಯವನ್ನು ಬಲ್ಲಾತನು ದೇವರೊಬ್ಬನೇ. ನಮಗೆ ಕಾಣುವದು ಅವನ ಕೈಕೆಲಸ ಮಾತ್ರ.

ಈಗ ಆ ಮಾತಿನ ಸತ್ಯವಾದ ಅರ್ಧಕ್ಕೆ ಬರೋಣ. 1974ರಲ್ಲಿ ಅವರ ಅಧ್ಯಕ್ಷನಾಗಿದ್ದ ಸ್ಪೆನ್ಸರ್ ಕಿಂಬಲನು ಯೋಗ್ಯನಾದ ಪ್ರತಿಯೊಬ್ಬ ಯೌವನಸ್ಥನೂ ಮಿಶನ್ ಸೇವೆಗೆ ಹೋಗತಕ್ಕದ್ದೆಂದು ಬೋಧಿಸಿದನು. ಆ ಬೋಧನೆ ಇಂದಿಗೂ ನಿಂತದೆ. ಹೆಣ್ಣುಮಕ್ಕಳಿಗಾದರೋ ಸ್ವಾಗತವುಂಟು, ಕರ್ತವ್ಯವೆಂಬ ಭಾರವಿಲ್ಲ. ಆದದರಿಂದ ಮನೆಯಲ್ಲಿ ಉಳಿದ ತಂಗಿಯನ್ನು ಯಾರೂ ಪ್ರಶ್ನಿಸರು. ಉಳಿದ ಅಣ್ಣನೋ ಕಂಡಕಂಡವರಿಗೆಲ್ಲಾ ಉತ್ತರ ಕೊಡಬೇಕು. ಇದಕ್ಕಿಂತಲೂ ಕಠಿಣವಾದ ಪಾಡು ಮತ್ತೊಬ್ಬನದು. ದೇಹದ ರೋಗದಿಂದಲೋ ಮನಸ್ಸಿನ ಕುಗ್ಗುವಿಕೆಯಿಂದಲೋ ಎರಡು ವರುಷ ತುಂಬುವದಕ್ಕೆ ಮುಂಚೆ ಹಿಂತಿರುಗಿದವನಿಗೆ ಸಭೆಯಲ್ಲಿ ತಲೆಯೆತ್ತಿ ಕೂತುಕೊಳ್ಳುವದು ಕಷ್ಟವಾಗುತ್ತದೆ. ಆರು ತಿಂಗಳು ಅವನು ಕೊಟ್ಟದ್ದನ್ನು ಯಾರೂ ಎಣಿಸುವದಿಲ್ಲ, ಕೊಡದೆ ಉಳಿದ ಹದಿನೆಂಟು ತಿಂಗಳನ್ನು ಎಣಿಸುತ್ತಾರೆ. ಕಾಣಿಕೆಯು ತೆರಿಗೆಯಾಗುವದು ಇಲ್ಲಿಯೇ. ಯಾಕಂದರೆ ಕಾಣಿಕೆಗೆ ಬಾಕಿಯೆಂಬದಿಲ್ಲ. ಬಾಕಿ ಇರುವದು ತೆರಿಗೆಗೆ ಮಾತ್ರ.

ಈ ಭಾರವನ್ನು ಅವರ ಹಿರಿಯರೂ ಸ್ವಲ್ಪ ಸ್ವಲ್ಪವಾಗಿ ಇಳಿಸಿದ್ದುಂಟು. ಮೊದಲು ಮಿಶನೆರಿಯು ಮನೆಗೆ ಟೆಲಿಫೋನಿನಲ್ಲಿ ಮಾತಾಡುವದು ಸಾಮಾನ್ಯವಾಗಿ ವರುಷಕ್ಕೆ ಎರಡೇ ಸಾರಿ, ಕ್ರಿಸ್ತಜಯಂತಿಗೂ ತಾಯಂದಿರ ದಿನಕ್ಕೂ. 2019ರ ಫೆಬ್ರವರಿಯಿಂದ ವಾರವಾರವೂ ಮಾತಾಡಬಹುದು. ದೂರದೇಶಕ್ಕೆ ಹೋಗಲಾರದವರು ಸ್ವಂತ ಊರಿನಲ್ಲಿಯೇ ಇದ್ದು ಬಡವರಿಗೂ ರೋಗಿಗಳಿಗೂ ಸೇವೆಮಾಡುವ ಏರ್ಪಾಡೂ ಇದೆ. ತಾಯಿಯ ಸ್ವರವನ್ನು ಕೇಳಿದ್ದರಿಂದ ಮಗನ ಭಕ್ತಿ ಕುಂದುವದಾದರೆ ಅದು ಮೊದಲೇ ಬಲವಾಗಿರಲಿಲ್ಲವೆಂದು ತಿಳಿಯಬೇಕು.

ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯದಲ್ಲಿರುವ ಇಬ್ಬರು ಮಕ್ಕಳ ಸಾಮ್ಯವನ್ನು ನೆನಪಿಗೆ ತಂದುಕೊಳ್ಳಿರಿ. ದ್ರಾಕ್ಷೇತೋಟಕ್ಕೆ ಹೋಗಲಾರೆನೆಂದ ಮಗನು ಆ ಮೇಲೆ ಮನಸ್ಸು ತಿರುಗಿ ಹೋದನು, ಹೋಗುತ್ತೇನೆಂದವನು ಹೋಗಲಿಲ್ಲ. ಈ ಸಾಮ್ಯದಲ್ಲಿ ನಾವು ಸಾಧಾರಣವಾಗಿ ಗಮನಿಸದೆ ಬಿಡುವದೊಂದುಂಟು. ಅದೇನಂದರೆ, ಆ ತಂದೆಯ ಮನೆಯಲ್ಲಿ ಮಗನು ಒಲ್ಲೆನೆಂದು ಬಾಯಿಬಿಟ್ಟು ಹೇಳುವದಕ್ಕೆ ಆಸ್ಪದವಿತ್ತು. ಹೇಳಿದ್ದಕ್ಕಾಗಿ ಅವನು ಹೊರಗೆ ಹಾಕಲ್ಪಟ್ಟನೆಂದು ಬರೆದಿಲ್ಲ. ಆಸ್ಪದವಿದ್ದದರಿಂದಲೇ ಅವನ ಮನಸ್ಸು ತಿರುಗುವದಕ್ಕೆ ಸಮಯವೂ ಸಿಕ್ಕಿತು. ಒಲ್ಲೆನೆಂಬ ಮಾತಿಗೆ ಸ್ಥಳವಿಲ್ಲದ ಮನೆಯಲ್ಲಿ ಎರಡನೆಯ ಮಗನಂಥವರೇ ಬೆಳೆಯುವರು. ಅವರು ಎಲ್ಲಕ್ಕೂ ಹೂಂಗುಟ್ಟುತ್ತಾ ಹೃದಯವನ್ನು ಮನೆಯಲ್ಲಿಯೇ ಬಿಟ್ಟು ನಡೆಯುವರು.

ಆದಕಾರಣ, ತಂದೆತಾಯಿಗಳೇ, ಸಭೆಯ ಹಿರಿಯರೇ, ಮಕ್ಕಳನ್ನು ಸತ್ಕಾರ್ಯಕ್ಕೆ ಕರೆಯುವದನ್ನು ನಿಲ್ಲಿಸಬೇಡಿರಿ; ಕರೆಯದಿದ್ದರೆ ಅವರು ಯಾವದಕ್ಕೆ ಓಗೊಟ್ಟಾರು? ಆದರೆ ಕರೆದ ಮೇಲೆ ಬಾಗಲನ್ನು ತೆರೆದಿಡಿರಿ, ಹೋಗುವವನಿಗೂ, ಹೋಗದವನಿಗೂ, ಅರ್ಧದಾರಿಯಿಂದ ಹಿಂತಿರುಗಿದವನಿಗೂ. ಎಲೈ ಯೌವನಸ್ಥನೇ, ನಿನ್ನ ಹೆಗಲ ಮೇಲಿರುವ ನೊಗವನ್ನು ಮೊದಲು ಇಟ್ಟವರು ಯಾರೆಂದು ಬಹಳ ಹೊತ್ತು ವಿಚಾರಿಸುತ್ತಾ ಕೂಡಬೇಡ. ಇಂದು ಬೆಳಿಗ್ಗೆ ಅದನ್ನು ತಿರಿಗಿ ಎತ್ತಿಕೊಂಡವರು ಯಾರೆಂದು ಕೇಳಿಕೋ. ನಾನೇ ಎಂದು ನೀನು ಉತ್ತರ ಕೊಡಬಲ್ಲೆಯಾದರೆ ಅದು ನಿನ್ನ ಕಾಣಿಕೆಯೇ ಸರಿ.