ಆಟದ ಎಂಜಿನ್ನೂ ಅದರ ಮೂಲವೂ

1938ನೆಯ ಇಸವಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಮೆಕ್ಕಾನೊ ಕಾರ್ಖಾನೆಯವರು ‘ಹಾರ್ನ್‌ಬಿ ಡಬ್ಲೊ’ ಎಂಬ ಹೆಸರಿನಲ್ಲಿ, ಮೇಜಿನ ಮೇಲೆ ಹರಡಿಕೊಳ್ಳಬಹುದಾದ ಪುಟ್ಟ ರೈಲನ್ನು ಮಾರಾಟಕ್ಕೆ ತಂದರು. ಅದರೊಡನೆ ಬಂದ ಎಂಜಿನ್ನುಗಳು ಎರಡು ಬಗೆಯವು. ಒಂದು, ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಯ ‘ಸರ್ ನೈಜೆಲ್ ಗ್ರೆಸ್ಲಿ’ ಎಂಬ ವೇಗಶಾಲಿಯಾದ ಎಂಜಿನ್ನಿನ ಪ್ರತಿಕೃತಿ. ಮತ್ತೊಂದು, ನೀರಿನ ತೊಟ್ಟಿಗಳನ್ನು ತನ್ನ ಪಕ್ಕೆಗಳ ಮೇಲೆಯೇ ಹೊತ್ತು ನಡೆಯುವ ಟ್ಯಾಂಕ್ ಎಂಜಿನ್ನು. ಈ ಎರಡನೆಯದಕ್ಕೆ ಮೂಲವಾದುದು ಅದೇ ರೈಲ್ವೆಯ ಎನ್-2 ವರ್ಗ. 1920ರಲ್ಲಿ ಹುಟ್ಟಿ, ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಸುತ್ತಣ ಉಪನಗರಗಳಿಗೆ ಜನರನ್ನು ಸಾಗಿಸುತ್ತಿದ್ದ ವರ್ಗವದು. ಆ ಕಾಲದಲ್ಲಿ ಬ್ರಿಟನ್ನಿನ ದೊಡ್ಡ ರೈಲ್ವೆ ಕಂಪೆನಿಗಳು ನಾಲ್ಕು. ಕಾರ್ಖಾನೆಯವರು ಒಂದೇ ಅಚ್ಚಿನ ಈ ಟ್ಯಾಂಕ್ ಎಂಜಿನ್ನಿಗೆ ನಾಲ್ಕು ಕಂಪೆನಿಗಳ ಬಣ್ಣವನ್ನೂ ಬಳಿದು ಮಾರಿದರು. ಗ್ರೇಟ್ ವೆಸ್ಟರ್ನ್ ಕಂಪೆನಿಯ ಹಸುರನ್ನು ತೊಟ್ಟುದಕ್ಕೆ 6699 ಎಂಬ ಸಂಖ್ಯೆಯನ್ನಿತ್ತರು. ಆ ಸಂಖ್ಯೆಯ ನಿಜವಾದ ಎಂಜಿನ್ನು ಗ್ರೇಟ್ ವೆಸ್ಟರ್ನಿನಲ್ಲಿ ಇದ್ದಿತು. ಚಕ್ರಗಳ ಜೋಡಣೆಯೂ ಒಂದೇ ತೆರನಾದುದು. ಆದರೆ ಮೈಕಟ್ಟು ಬೇರೆ, ವಂಶ ಬೇರೆ.

ಗ್ರೇಟ್ ವೆಸ್ಟರ್ನ್ ಸೀಮೆಯ ಬಾಲಕನೊಬ್ಬನು ಇದನ್ನು ಕೈಯಲ್ಲಿ ಹಿಡಿದು, “ಅಪ್ಪಾ, ಇಂತಹ ಎಂಜಿನ್ನು ನಿಜವಾಗಿಯೂ ಉಂಟೇ?” ಎಂದು ಕೇಳಿದನೆನ್ನೋಣ. ತಂದೆಯು ‘ಉಂಟು’ ಎಂದರೆ, ಆ ಬಣ್ಣದಲ್ಲಿ ಆ ಆಕಾರವು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ‘ಇಲ್ಲ’ ಎಂದರೆ, ಆಕಾರವೂ ಇದ್ದಿತು, ಬಣ್ಣವೂ ಇದ್ದಿತು, ಸಂಖ್ಯೆಯೂ ಇದ್ದಿತು. ಪ್ರಶ್ನೆಯು ಮಗುವಿನದಾದರೂ ಉತ್ತರವು ಸುಲಭವಲ್ಲ. ಪ್ರತಿಕೃತಿಯೆಂಬುದು ತನ್ನ ಮೂಲಕ್ಕೆ ಎಷ್ಟು ಋಣಿ? ಆ ಋಣ ಎಲ್ಲಿಂದ ಹುಟ್ಟುತ್ತದೆ?

ಸಂಪೂರ್ಣ ಸಾಮ್ಯವೇ ಸತ್ಯವೆಂದು ಹಟ ಹಿಡಿದರೆ ಯಾವ ಆಟದ ಎಂಜಿನ್ನೂ ಉಳಿಯಲಾರದು. ‘ಸರ್ ನೈಜೆಲ್ ಗ್ರೆಸ್ಲಿ’ಯನ್ನೇ ನೋಡಬಹುದು. ನಿಜವಾದ ಎಂಜಿನ್ನು ಓಡುವ ಕಂಬಿಗಳ ನಡುವಣ ಅಂತರ 4 ಅಡಿ 8½ ಅಂಗುಲ. ಆಟದ ಎಂಜಿನ್ನಿನ ಮೈಯನ್ನು ಅಡಿಗೆ 4 ಮಿಲಿಮೀಟರಿನಂತೆ ಕಿರಿದುಗೊಳಿಸಿದ್ದಾರೆ. ಆ ಲೆಕ್ಕದಲ್ಲಿ ಕಂಬಿಗಳ ಅಂತರ 18.83 ಮಿಲಿಮೀಟರಾಗಬೇಕು, ಇರುವುದು 16.5. ಇದು ಅಡಿಗೆ 3.5 ಮಿಲಿಮೀಟರಿನ ಅಳತೆಗೆ ಒಪ್ಪುವ ದಾರಿ. ಬ್ರಿಟಿಷ್ ಎಂಜಿನ್ನುಗಳು ಯೂರೋಪು ಖಂಡದವುಗಳಿಗಿಂತ ಸಣ್ಣ ಗಾತ್ರದವಾದುದರಿಂದ, ಆ ಅಳತೆಗೆ ಇಳಿಸಿದ ಮೈಯೊಳಗೆ ಅಂದಿನ ವಿದ್ಯುತ್ ಮೋಟಾರು ಹಿಡಿಸುವುದು ಕಷ್ಟವಾಯಿತು. ಆದಕಾರಣ ಮೈಯನ್ನು ಹಿಗ್ಗಿಸಿ ದಾರಿಯನ್ನು ಇದ್ದಂತೆಯೇ ಬಿಟ್ಟರು. ಹೀಗಾಗಿ ಅತ್ಯಂತ ನಿಷ್ಠೆಯಿಂದ ಮಾಡಿದ ಎಂಜಿನ್ನು ಕೂಡ, ಲೆಕ್ಕ ಹಾಕಿ ನೋಡಿದರೆ, ಸುಮಾರು 4 ಅಡಿ 1½ ಅಂಗುಲದ ದಾರಿಯ ಮೇಲೆ ಓಡುತ್ತದೆ. ಅಂತಹ ದಾರಿಯಲ್ಲಿ ಅದರ ಮೂಲವು ಎಂದೂ ಓಡಿದುದಿಲ್ಲ. 1960ರ ದಶಕದಲ್ಲಿ ಕೆಲವು ಇಂಗ್ಲಿಷ್ ಹವ್ಯಾಸಿಗಳು ಈ ದೋಷವನ್ನು ಸಹಿಸಲಾರದೆ 18.83ರ ಕಂಬಿಗಳನ್ನು ಸ್ವತಃ ಹಾಸಿಕೊಂಡರು. ಅವರ ತಾಳ್ಮೆಗೆ ನಮಸ್ಕಾರ! ಆದರೆ ಅವರ ಎಂಜಿನ್ನಿನ ಹೊಟ್ಟೆಯಲ್ಲಿಯೂ ಬೆಂಕಿಯಿಲ್ಲ, ನೀರಿಲ್ಲ, ಉಗಿಯಿಲ್ಲ. ಉಗಿಯ ಎಂಜಿನ್ನನ್ನು ಎಂಜಿನ್ನಾಗಿ ಮಾಡುವ ವಸ್ತುವನ್ನೇ ಬಿಟ್ಟು ಉಳಿದುದನ್ನು ಅನುಕರಿಸುವ ಕಲೆ ಇದು.

ಇಂತಹುದನ್ನು ಸುಳ್ಳೆಂದು ತಳ್ಳಿಬಿಡಬಹುದೇ? ಭರತನ ನಾಟ್ಯಶಾಸ್ತ್ರಕ್ಕೆ ಸಂಬಂಧಿಸಿದ ಚರ್ಚೆಯಲ್ಲಿ ಶ್ರೀಶಂಕುಕನು ಹೇಳಿದ ಮಾತೊಂದನ್ನು ಅಭಿನವಗುಪ್ತನು ಉಳಿಸಿಕೊಟ್ಟಿದ್ದಾನೆ. ರಾಮನ ವೇಷ ತೊಟ್ಟ ನಟನನ್ನು ಕಂಡಾಗ ಪ್ರೇಕ್ಷಕನಿಗಾಗುವ ಅರಿವು ‘ಇವನೇ ರಾಮ’ ಎಂಬ ಸಮ್ಯಗ್ಜ್ಞಾನವಲ್ಲ. ಆಮೇಲೆ ಅಳಿಸಿಹೋಗುವ ಮಿಥ್ಯಾಜ್ಞಾನವಲ್ಲ. ‘ಹೌದೋ ಅಲ್ಲವೋ’ ಎಂಬ ಸಂಶಯವಲ್ಲ. ‘ರಾಮನಂತಿದ್ದಾನೆ’ ಎಂಬ ಸಾದೃಶ್ಯಜ್ಞಾನವೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವಷ್ಟೆ. ಅಂತಹ ಐದನೆಯ ಬಗೆಯ ಅರಿವು ಅದು. ಚಿತ್ರತುರಗನ್ಯಾಯವೆಂದು ಪ್ರಸಿದ್ಧವಾದ ಈ ಮಾತು ಮೇಜಿನ ಮೇಲಣ ರೈಲಿಗೂ ಒಪ್ಪುತ್ತದೆ. ಮಗುವು ಮೋಸಹೋಗಿಲ್ಲ. ಅದರ ಮೇಲೆ ಹತ್ತಿ ಊರಿಗೆ ಹೋಗಬಹುದೆಂದು ಅದು ಎಣಿಸಿಲ್ಲ.

ಆದರೆ ಶಂಕುಕನ ಕುದುರೆಗೆ ಹೆಸರಿಲ್ಲವೆಂಬುದನ್ನು ಮರೆಯಬಾರದು. ಹೆಸರಿಲ್ಲದ ಕುದುರೆಯ ಚಿತ್ರವು ಯಾವ ಲಾಯಕ್ಕೂ ಉತ್ತರ ಕೊಡಬೇಕಾಗಿಲ್ಲ. ಆಟದ ರೈಲುಗಳ ಮೊದಲ ಕಾಲದಲ್ಲಿ ತಗಡಿನಿಂದ ಮಾಡಿ ಕೀಲಿ ಕೊಟ್ಟು ಓಡಿಸುತ್ತಿದ್ದ ನಾಲ್ಕು ಚಕ್ರದ ಎಂಜಿನ್ನುಗಳಲ್ಲಿ ಎಷ್ಟೋ ಇಂತಹವೇ. ಒಂದು ಕೊಳವೆ, ಒಂದು ಹೊಗೆಗೂಡು, ನಾಲ್ಕು ಗಾಲಿ. ಇಂತಹ ರೈಲ್ವೆಯ ಇಂತಹ ಎಂಜಿನ್ನೆಂದು ಅವು ಹೇಳಿಕೊಳ್ಳಲಿಲ್ಲ. ಅವುಗಳಲ್ಲಿ ಅಸತ್ಯವನ್ನು ಹುಡುಕುವುದು ಮರದ ಗೊಂಬೆಯ ಗೋತ್ರವನ್ನು ವಿಚಾರಿಸಿದಂತೆ. 6699ರ ಸಂಗತಿ ಹಾಗಲ್ಲ. ಅದು ತಾನು ಇಂತಹುದೆಂದು ಸಾರುತ್ತದೆ. ಋಣವು ಹುಟ್ಟುವುದು ಆಕಾರದಿಂದಲ್ಲ, ಹೆಸರಿನಿಂದ.

ಕಾರ್ಖಾನೆಯವರ ಪಕ್ಷವನ್ನೂ ಕೇಳಬೇಕು. ನಾಲ್ಕು ಅಚ್ಚುಗಳನ್ನು ಕಡೆಯಿಸಿದರೆ ವೆಚ್ಚವೇರುತ್ತದೆ. ಬೆಲೆಯೇರಿದರೆ ಎಷ್ಟೋ ಮನೆಗಳಿಗೆ ಆಟಿಕೆ ಸೇರುವುದೇ ಇಲ್ಲ. ತನ್ನೂರಿನ ನಿಲ್ದಾಣದಲ್ಲಿ ಕಂಡ ಬಣ್ಣವು ತನ್ನ ಮೇಜಿನ ಮೇಲೆಯೂ ಇರಲೆಂಬುದು ಹುಡುಗನ ಆಸೆ. ಇದೆಲ್ಲ ನ್ಯಾಯವೇ. ಬಣ್ಣವನ್ನು ಕ್ಷಮಿಸಬಹುದು. ಸಂಖ್ಯೆಯನ್ನು ಕ್ಷಮಿಸುವುದು ಕಷ್ಟ. ಅದನ್ನು ಬರೆಯದೆ ಬಿಡುವುದಕ್ಕೆ ಯಾವ ವೆಚ್ಚವೂ ತಗಲುತ್ತಿರಲಿಲ್ಲ.

ಕತೆಗಳ ಲೋಕದಲ್ಲಿಯೂ ಇದೇ ತೊಡಕು ತಲೆದೋರಿತು. ವಿಲ್ಬರ್ಟ್ ಆಡ್ರಿ ಎಂಬ ಆಂಗ್ಲ ಪಾದ್ರಿಯು 1945ರಿಂದ ಮಕ್ಕಳಿಗಾಗಿ ಮಾತನಾಡುವ ಎಂಜಿನ್ನುಗಳ ಕತೆಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಹೆನ್ರಿಯೆಂಬ ಹಸುರು ಎಂಜಿನ್ನನ್ನು ಚಿತ್ರಕಾರರು ಯಾವ ನಿಜವಾದ ಎಂಜಿನ್ನಿಗೂ ಸರಿಹೊಂದದಂತೆ ಬರೆದರು. ಒಮ್ಮೊಮ್ಮೆ ಅದು ಗಾರ್ಡನ್ ಎಂಬ ಬೇರೊಂದು ಎಂಜಿನ್ನಿನಂತೆಯೇ ಕಾಣಿಸುತ್ತಿದ್ದಿತು. ಆಡ್ರಿಗೆ ಇದು ಸಹನೆಯಾಗಲಿಲ್ಲ. 1951ರ ಪುಸ್ತಕದಲ್ಲಿ ಆತನು ಹೆನ್ರಿಗೆ ಅಪಘಾತವಾಗುವಂತೆ ಮಾಡಿ, ಕ್ರೂ ಪಟ್ಟಣದ ಕಾರ್ಖಾನೆಗೆ ಕಳುಹಿಸಿ, ಸ್ಟೇನಿಯರನ ‘ಬ್ಲ್ಯಾಕ್ ಫೈವ್’ ಎಂಬ ನಿಜವಾದ ವರ್ಗದ ರೂಪವನ್ನು ಕೊಡಿಸಿ ಕರೆತಂದನು. ಎಂಜಿನ್ನುಗಳು ಜಗಳವಾಡುವುದನ್ನೂ ಅಳುವುದನ್ನೂ ಅಳುಕದೆ ಬರೆದವನಿಗೆ, ಮೂಲವಿಲ್ಲದ ಎಂಜಿನ್ನು ಮಾತ್ರ ಹಿಡಿಸಲಿಲ್ಲ! ಇದನ್ನು ಹುಚ್ಚೆಂದು ನಗುವವರಿರಬಹುದು. ಕಲ್ಪನೆಗೆ ಎಲ್ಲಿ ಎಲ್ಲೆಯೆಂಬುದನ್ನು ತಾನೇ ಗೊತ್ತುಮಾಡಿಕೊಂಡು ಅದಕ್ಕೆ ನಿಂತವನಲ್ಲಿ ಒಂದು ಪ್ರಾಮಾಣಿಕತೆಯೂ ಇಲ್ಲದಿಲ್ಲ.

ಅದೇ ಕತೆಗಳ ಥಾಮಸ್ ಎಂಬ ನೀಲಿ ಎಂಜಿನ್ನಿನ ವಿಷಯವು ಇದಕ್ಕಿಂತ ಗಂಭೀರವಾದುದು. ಅದಕ್ಕೆ ಮೂಲವಾದುದು ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಗಾಗಿ ಲಾಸನ್ ಬಿಲ್ಲಿಂಟನ್ನನು ರಚಿಸಿದ ಇ-2 ವರ್ಗ. 1913ರಿಂದ 1916ರ ವರೆಗೆ ಕಟ್ಟಿದುದು ಹತ್ತೇ ಎಂಜಿನ್ನು. 1963ರ ಹೊತ್ತಿಗೆ ಹತ್ತನ್ನೂ ಕೆಲಸದಿಂದ ತೆಗೆದು ಒಡೆದುಹಾಕಿದರು; ಒಂದೂ ಉಳಿಯಲಿಲ್ಲ. ಇ-2ರ ಕಾಲುಹಲಗೆಯು ಹಿಂದಿನಿಂದ ಮುಂದಿನವರೆಗೆ ನೇರವಾಗಿದ್ದಿತು. ಥಾಮಸನದು ಮುಂಭಾಗದಲ್ಲಿ ಕೆಳಕ್ಕೆ ಬಾಗುತ್ತದೆ. ಇಂದು ದೇಶದೇಶಗಳ ಮಕ್ಕಳ ಕೈಯಲ್ಲಿರುವುದು ಬಾಗಿದ ಹಲಗೆಯೇ. ಮೂಲವು ಬದುಕಿರುವವರೆಗೆ ಪ್ರತಿಕೃತಿಯ ತಪ್ಪನ್ನು ನಿಲ್ದಾಣಕ್ಕೆ ಹೋಗಿ ತಿದ್ದಿಕೊಳ್ಳಬಹುದು. ಮೂಲವು ಸತ್ತ ಮೇಲೆ ಹಳೆಯ ಛಾಯಾಚಿತ್ರಗಳೂ ನಕ್ಷೆಗಳೂ ಬಲ್ಲವರ ಪೆಟ್ಟಿಗೆಯಲ್ಲಿರುತ್ತವೆ. ಸಾಕ್ಷಿ ನುಡಿಯಲು ಜನರ ನಡುವೆ ಉಳಿಯುವುದು ಆಟಿಕೆಯೊಂದೇ. ತೀರಿಹೋದವನ ಮಾತನ್ನು ಅವನ ಮುಂದೆ ತಿರುಚುವುದಕ್ಕೂ, ಅವನು ಹೋದ ಮೇಲೆ ತಿರುಚುವುದಕ್ಕೂ ಇರುವ ಅಂತರ ಇಲ್ಲಿಯೂ ಉಂಟು. ಥಾಮಸನು ಇ-2ರ ಹೆಸರನ್ನು ಹೇಳಿಕೊಳ್ಳದೆ ತನ್ನ ಹೆಸರಿನಲ್ಲಿಯೇ ಬಾಳುವುದರಿಂದ ಅವನ ಮೇಲೆ ತಪ್ಪು ಹೊರಿಸಲಾಗದು. ಇ-2 ಎಂದೇ ಹೆಸರಿಟ್ಟು ಎಂಜಿನ್ನನ್ನು ಮಾಡುವವನ ಹೊಣೆ ಮಾತ್ರ, ಎನ್-2ನ್ನು ಬಣ್ಣ ಬದಲಿಸಿ ಮಾರಿದವರ ಹೊಣೆಗಿಂತ ಭಾರವಾದುದು.

ದೊಡ್ಡದು ಮೊದಲು, ಚಿಕ್ಕದು ಆಮೇಲೆ ಎಂಬ ಕ್ರಮವೂ ಯಾವಾಗಲೂ ನಿಲ್ಲುವುದಿಲ್ಲ. ವಿಲಿಯಂ ಮರ್ಡಾಕ್ ಎಂಬಾತನು 1784ರಲ್ಲಿ ಕಾರ್ನ್‌ವಾಲ್ ಪ್ರಾಂತದಲ್ಲಿ ಉಗಿಬಂಡಿಯ ಪುಟ್ಟ ಮಾದರಿಯನ್ನು ಮಾಡಿ ಓಡಿಸಿದನು. ಅದೇ ಪ್ರಾಂತದ ರಿಚರ್ಡ್ ಟ್ರೆವಿಥಿಕ್ ಕೂಡ ಮೊದಲು ಚಿಕ್ಕ ಮಾದರಿಗಳನ್ನೇ ಮಾಡಿ ಪರೀಕ್ಷಿಸಿದನು. ಕಂಬಿಯ ಮೇಲೆ ಆತನ ದೊಡ್ಡ ಎಂಜಿನ್ನು ಓಡಿದುದು 1804ರಲ್ಲಿ. ಅಲ್ಲಿ ಆಟಿಕೆಯೇ ಮೂಲ.

ಇಂಗ್ಲೆಂಡಿನ ಕೆಂಟ್ ಕರಾವಳಿಯಲ್ಲಿ 1927ರಿಂದ ನಡೆಯುತ್ತಿರುವ ರಾಮ್ನಿ, ಹೈದ್ ಅಂಡ್ ಡಿಮ್‌ಚರ್ಚ್ ರೈಲ್ವೆಯು ಈ ಎರಡಕ್ಕೂ ನಡುವಣದು. ಅದರ ಕಂಬಿಗಳ ಅಂತರ 15 ಅಂಗುಲ. ದಾರಿಯ ಉದ್ದ ಸುಮಾರು 13½ ಮೈಲಿ. ಗ್ರೆಸ್ಲಿಯು 1922ರಲ್ಲಿ ಹೊರತಂದ ಎ-1 ವರ್ಗದ ಎಂಜಿನ್ನನ್ನು ನೋಡಿ ಹೆನ್ರಿ ಗ್ರೀನ್ಲಿಯು ಅದರ ಮೂರನೆಯ ಒಂದು ಪಾಲಿನ ಗಾತ್ರದಲ್ಲಿ ಈ ರೈಲ್ವೆಗೆ ಎಂಜಿನ್ನುಗಳನ್ನು ರಚಿಸಿದನು. ಅವುಗಳಲ್ಲಿ ಮೊದಲನೆಯದು, 1925ರಲ್ಲಿ ಕಟ್ಟಿದ ‘ಗ್ರೀನ್ ಗಾಡೆಸ್’. ಮೂಲಕ್ಕೆ ಮೂರು ಸಿಲಿಂಡರು, ಇದಕ್ಕೆ ಎರಡೇ. ಕಂಬಿಗಳ ಅಂತರವೂ ಮೂರನೆಯ ಒಂದು ಪಾಲಿಗಿಂತ ಕಿರಿದು. ಚಾಲಕನನ್ನಂತೂ ಮೂರನೆಯ ಒಂದು ಪಾಲಿಗೆ ಇಳಿಸಲಾಗಲಿಲ್ಲ. ಆದರೆ ಇದರ ಹೊಟ್ಟೆಯಲ್ಲಿ ಬೆಂಕಿಯುಂಟು, ಉಗಿಯುಂಟು. ಇದು ಹಣ ಕೊಟ್ಟವರನ್ನು ಕೂರಿಸಿಕೊಂಡು ಊರಿನಿಂದೂರಿಗೆ ಒಯ್ಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಈ ಕಿರುದಾರಿಯಲ್ಲಿ ಕವಚ ತೊಡಿಸಿದ ಯುದ್ಧದ ರೈಲೂ ಸಂಚರಿಸಿತು. ಇತ್ತ ಗ್ರೆಸ್ಲಿಯ ಎ-1 ಎಂಜಿನ್ನುಗಳನ್ನು ಕ್ರಮೇಣ ಮಾರ್ಪಡಿಸಲಾಯಿತು. ಉಳಿದುಕೊಂಡಿರುವ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಒಂದೇ. ಅದೂ 1947ರಲ್ಲಿ ಎ-3 ಆಗಿ ಬದಲಾಯಿತು. ಹುಟ್ಟಿದ ರೂಪದಲ್ಲಿ ದೊಡ್ಡ ಎ-1 ಒಂದೂ ಇಂದು ಇಲ್ಲ. ಆ ರೂಪದ ನೆರಳನ್ನು ಹೊತ್ತ ಚಿಕ್ಕದು ಕೆಂಟಿನ ಕಡಲಂಚಿನಲ್ಲಿ ಓಡುತ್ತಿದೆ. ಅದು ಎ-1 ವರ್ಗದ ಯಾವ ಎಂಜಿನ್ನಿನ ಹೆಸರನ್ನೂ ಎರವಲು ಪಡೆದಿಲ್ಲ. ಹೆಸರು ಒಂದು ನಾಟಕದಿಂದ ಬಂದುದು. ಸಂಖ್ಯೆ ಅದರದೇ, 1.